ಹೀಚಿಗೆ ಬೆರಳು ತೋರಿಸಬಾರದು

ಕುಂಬಳಕಾಯಿಯ ವಯಸ್ಸನ್ನು ಬೀಜ ಹಾಕಿದ ದಿನದಿಂದ ಎಣಿಸುವುದಿಲ್ಲ. ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ತಾಗಿದ ದಿನದಿಂದ ಎಣಿಸಬೇಕು. ಈ ಜ್ಞಾನ ನನಗೆ ಬಂದಿದ್ದು ನಮ್ಮನೆಯವರಿಂದ. ಅವರು ರಿಟೈರ್ ಆದ ಗಣಿತದ ಮೇಷ್ಟ್ರು. ರಿಟೈರ್ ಆದ ಗಣಿತದ ಮೇಷ್ಟ್ರಿಗೆ ಕೈಯಲ್ಲೊಂದು ಫೋನು, ಮನೆ ಪಕ್ಕದಲ್ಲೊಂದು ಖಾಲಿ ಸೈಟು ಒಟ್ಟಿಗೆ ಸಿಕ್ಕರೆ ಏನಾಗುತ್ತೆ ಅಂತ ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಬೀದಿಯವರನ್ನೇ ಕೇಳಿ.

ಶುರುವಾಗಿದ್ದು ಒಂದು ವಿಡಿಯೋದಿಂದ. ಇಂಗ್ಲೆಂಡಿನ ಇಬ್ಬರು ಅವಳಿ ಅಣ್ಣತಮ್ಮಂದಿರು, ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಅಂತೆ, 2025ರಲ್ಲಿ 1278.8 ಕೆಜಿಯ ಕುಂಬಳಕಾಯಿ ಬೆಳೆದು ವಿಶ್ವದಾಖಲೆ ಮಾಡಿದರು. ಅದಕ್ಕೂ ಮುಂಚಿನ ದಾಖಲೆ ಅಮೆರಿಕದವರದು, 2023ರದು, ಅದೂ 1200 ಕೆಜಿ ಮೀರಿದ್ದೇ. ಇಂಥ ಕಾಯಿ ಭರಾಟೆಯಲ್ಲಿ ಬೆಳೆಯುವಾಗ ಒಂದೇ ದಿನಕ್ಕೆ 20 ಕೆಜಿಗಿಂತ ಜಾಸ್ತಿ ತೂಕ ಏರುತ್ತಂತೆ. 'ದಿನಾ ಒಂದು ಅಕ್ಕಿ ಮೂಟೆ ಕಣೇ!' ಅಂತ ಇವರು ಊಟದ ತಟ್ಟೆ ಮುಂದೆ ಕೂತು ಹೇಳಿದ್ದು ಕೇಳಿ ನಮ್ಮ ಅತ್ತೆ, 'ಅಷ್ಟು ದೊಡ್ಡದನ್ನ ಹೆಚ್ಚೋರು ಯಾರಪ್ಪಾ?' ಅಂದರು. ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಬುದ್ಧಿವಂತಿಕೆಯ ಪ್ರಶ್ನೆ ಅದೊಂದೇ.

ಆನ್‌ಲೈನಿನಲ್ಲಿ 'ಅಟ್ಲಾಂಟಿಕ್ ಜೈಂಟ್' ಬೀಜ ಬಂತು. ಕೆನಡಾದ ಹೊವರ್ಡ್ ಡಿಲ್ ಅನ್ನೋ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ. ಇವತ್ತಿನ ರಾಕ್ಷಸ ಕಾಯಿಗಳೆಲ್ಲ ಅದರ ವಂಶದವೇ. ಅದಕ್ಕೆ ತಂಪು ಹವೆ, ಉದ್ದನೆಯ ಹಗಲು ಬೇಕು. ದಾವಣಗೆರೆಯಲ್ಲಿ ತಂಪು ಅಂದರೆ ಫ್ಯಾನಿನ ಕೆಳಗೆ ಮಾತ್ರ. ಆದರೂ ಮಳೆಗಾಲದ ಆರಂಭದಲ್ಲಿ ಹಾಕಿದ ಬಳ್ಳಿ ಸೈಟನ್ನೆಲ್ಲ ಆವರಿಸಿಕೊಂಡಿತು. ಇವರು ಗೆಣ್ಣುಗೆಣ್ಣಿಗೂ ಮಣ್ಣು ಮುಚ್ಚಿದರು. ಹಾಗೆ ಮುಚ್ಚಿದಲ್ಲೆಲ್ಲ ಹೊಸ ಬೇರು ಬಿಡುತ್ತದೆ, ಕಾಯಿಗೆ ಊಟ ಜಾಸ್ತಿ ಸಿಗುತ್ತದೆ.

ಮೊದಲು ಬಂದವೆಲ್ಲ ಗಂಡು ಹೂ. ಬರೀ ಗಂಡು ಹೂ. ಅತ್ತೆ ಅವನ್ನು ಕಿತ್ತು ಬಜ್ಜಿ ಮಾಡಿಸಿದರು, ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ಬುಡದಲ್ಲಿ ಗೋಲಿಯಷ್ಟು ಹೀಚು ಹೊತ್ತ ಹೆಣ್ಣು ಹೂ ಕಾಣಿಸಿತು. ಅದು ಅರಳಿರುವುದು ಒಂದೇ ಬೆಳಗ್ಗೆ, ಬಿಸಿಲೇರಿದರೆ ಮುದುಡಿಕೊಳ್ಳುತ್ತದೆ. ಅಷ್ಟರೊಳಗೆ ಗಂಡು ಹೂವಿನ ಎಸಳು ಕಿತ್ತು, ಒಳಗಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರಬೇಕು. ಮೇಷ್ಟ್ರು ಲುಂಗಿ ಎತ್ತಿ ಕಟ್ಟಿ ಆ ಕೆಲಸ ಮುಗಿಸಿ ಬಂದವರೇ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದರು: 'ಕೂಡಿಸಿದ್ದು, ಬೆ. 6.40.' ನಮ್ಮ ಮದುವೆ ದಿನ ಅವರಿಗೆ ನೆನಪಿದ್ದುದನ್ನು ನಾನಂತೂ ಕಂಡಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಓದಿ, 'ನಕ್ಷತ್ರ ಬರೆದಿಲ್ವಲ್ಲೋ' ಅಂದರು.

ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಅತ್ತೆಯ ಪಕ್ಷದಲ್ಲಿ ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ, ತೋರಿಸಲೇಬೇಕು ಅಂದರೆ ಬೆರಳು ಮಡಚಿ ತೋರಿಸಬೇಕು. ಮೇಷ್ಟ್ರ ಪಕ್ಷದಲ್ಲಿ ಪುಡಿ ತಾಗದ ಹೀಚು ತಾನಾಗಿಯೇ ಹಳದಿಯಾಗಿ ಉದುರುತ್ತದೆ, ಇಲ್ಲ ಹಣ್ಣುನೊಣ ಚುಚ್ಚಿ ಕೊಳೆಯುತ್ತದೆ, ಬೆರಳಿನ ಪಾಲು ಏನೂ ಇಲ್ಲ. ಇಷ್ಟೆಲ್ಲ ವಾದ ಮಾಡಿದವರು ಯಾರಿಗಾದರೂ ಕಾಯಿ ತೋರಿಸುವಾಗ ಮಾತ್ರ ಮೊಣಕೈಯಲ್ಲಿ ತೋರಿಸುತ್ತಿದ್ದರು.

ಬಳ್ಳಿಯಲ್ಲಿ ಇನ್ನೂ ಬೆಳೆಯುತ್ತಿರುವ ಕಾಯಿಯನ್ನು ಬೆಳೆಗಾರರು ಎತ್ತಿ ತೂಗುವುದಿಲ್ಲ, ತೂಗಲು ಆಗುವುದೂ ಇಲ್ಲ. ಮೂರು ಅಳತೆ ತೆಗೆಯುತ್ತಾರೆ. ನೆಲಕ್ಕೆ ಸಮನಾಗಿ ಸುತ್ತಳತೆ. ಆಮೇಲೆ ನೆಲದಿಂದ ಕಾಯಿ ಮೇಲೆ ಹಾಯ್ದು ಮತ್ತೆ ನೆಲದವರೆಗೆ, ಉದ್ದಕ್ಕೊಂದು, ಅಡ್ಡಕ್ಕೊಂದು. ಮೂರನ್ನೂ ಇಂಚಿನಲ್ಲಿ ಕೂಡಿಸಿ ಒಂದು ಪಟ್ಟಿ ನೋಡಿದರೆ ಅಂದಾಜು ತೂಕ ಸಿಗುತ್ತದೆ. ಇದಕ್ಕೆ ಬೇಕಾಗಿದ್ದು ಟೇಪು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಟೇಪು ನನ್ನದೇ. ದಿನಾ ಬೆಳಗ್ಗೆ ಅದು ಇಬ್ಬನಿಯಲ್ಲಿ ನೆಂದು, ಕೆಸರು ಮೆತ್ತಿಕೊಂಡು ಮೆಷಿನ್ನಿನ ಮೇಲೆ ಬಂದು ಬೀಳುತ್ತಿತ್ತು. ಲೆಕ್ಕ ಬರೆಯಲು ಬೇರೆ ಪುಸ್ತಕವೂ ಇಲ್ಲ, ನನ್ನ ಅಳತೆ ಬುಕ್ಕಿನಲ್ಲೇ ಒಂದು ಹಾಳೆ.

ಒಂದು ದಿನ ಬೀದಿಯ ಕೊನೆ ಮನೆಯ ಅಕ್ಕ ತನ್ನ ಅಳತೆ ಹುಡುಕುತ್ತಾ ಹಾಳೆ ತಿರುವಿದವರು ಸುಮ್ನೆ ನಿಂತುಬಿಟ್ಟರು. 'ಸುತ್ತಳತೆ 48... ಇದು ಯಾರ್ದ್ರೀ?' ಅಂತ ಮೆಲ್ಲಗೆ ಕೇಳಿದರು. ಕೆಳಗಡೆ ಇವರ ದುಂಡು ಅಕ್ಷರದಲ್ಲಿ 'ನಿನ್ನೆಗಿಂತ ಒಂದೂವರೆ ಇಂಚು ಹೆಚ್ಚು, ಬಹಳ ಸಂತೋಷ' ಅಂತ ಬೇರೆ ಇತ್ತು. ನಾನು ಕುಂಬಳಕಾಯಿದು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಹೂ ಕೂಡಿಸಿದ 20ನೇ ದಿನದಿಂದ 40ನೇ ದಿನದವರೆಗೆ ಬೆಳವಣಿಗೆ ಜೋರಂತೆ. ಸರಿಯಾಗಿ ಆ ಹೊತ್ತಿಗೇ ನಮ್ಮ ಕಾಯಿ ನಿಂತುಹೋಯಿತು. ಬರೀ ನಿಂತಿದ್ದಲ್ಲ, ಮಾರನೇ ದಿನ ಅರ್ಧ ಇಂಚು ಕಮ್ಮಿ ಬಂತು! ಮೇಷ್ಟ್ರು ಮೂರು ಸಲ ಅಳೆದರು. ಸಿಪ್ಪೆ ಬಿಸಿಲಿಗೆ ಬಿರುಸಾಗಬಾರದು ಅಂತ ಅತ್ತೆಯ ಒಳ್ಳೇ ಕೌದಿ ಹೊದಿಸಿದರು. ಅತ್ತೆ ಬಾಗಿಲಲ್ಲೇ ಕೂತು, 'ಯಾರೋ ಬೆರಳು ತೋರಿಸವ್ರೆ' ಅಂತ ತೀರ್ಪು ಕೊಟ್ಟರು. ಅದೇ ವಾರ ನಾನು ಕೊಟ್ಟ ಬ್ಲೌಸುಗಳೆಲ್ಲ ಲೂಸು ಅಂತ ವಾಪಸ್ ಬಂದವು. ಬುಕ್ಕಿನಲ್ಲಿದ್ದ ಹಳೇ ಅಳತೆಗೇ ಕತ್ತರಿಸಿದ್ದು, ಲೂಸಾಗುವುದು ಹೇಗೆ? ಮಗನ ಹಳೇ ಕಂಪಾಸ್ ಬಾಕ್ಸಿನ ಸ್ಕೇಲನ್ನು ಟೇಪಿನ ಪಕ್ಕ ಇಟ್ಟು ನೋಡಿದೆ. ನೆಂದು ನೆಂದು, ಎಳೆಸಿಕೊಂಡು ಎಳೆಸಿಕೊಂಡು ಟೇಪು ಹಿಗ್ಗಿ ಕೂತಿತ್ತು. ಹಿಗ್ಗಿದ ಟೇಪಿನಲ್ಲಿ ಅಳೆದರೆ ಕಾಯಿ ಚಿಕ್ಕದು, ಕತ್ತರಿಸಿದರೆ ಬ್ಲೌಸು ದೊಡ್ಡದು. ಇದನ್ನು ಗಣಿತದ ಮೇಷ್ಟ್ರಿಗೆ ನಾನು ಬಿಡಿಸಿ ಹೇಳಬೇಕಾಯಿತು, ಅದರ ಸುಖವೇ ಬೇರೆ ಬಿಡಿ. ಅತ್ತೆ ಮಾತ್ರ ಒಪ್ಪಲಿಲ್ಲ. ದೃಷ್ಟಿ ಟೇಪಿಗೆ ತಗುಲಿದೆ ಅಂದರು.

ಕೊಯ್ದ ದಿನ ಗುಜರಿ ಅಂಗಡಿಯ ಎಲೆಕ್ಟ್ರಿಕ್ ತಕ್ಕಡಿಗೆ ತಳ್ಳುಗಾಡಿಯಲ್ಲಿ ಸಾಗಿಸಿದರು. ಹಿಂದೆ ಬೀದಿ ಮಕ್ಕಳು, ಅವರ ಹಿಂದೆ ಮಂಡಕ್ಕಿ ತಿನ್ನುತ್ತಾ ದೊಡ್ಡವರು. 29 ಕೆಜಿ. ಪಟ್ಟಿ ಹೇಳಿದ್ದಕ್ಕಿಂತ ಒಂದು ಕೆಜಿ ಹೆಚ್ಚೇ. ತಿರುಳು ದಪ್ಪಗಿದ್ದರೆ ಹಾಗೆ ಪಟ್ಟಿಯನ್ನು ಮೀರಿ ತೂಗುತ್ತದಂತೆ, ಇವರ ಮುಖ ನೋಡಬೇಕಿತ್ತು. ಅಂಗಡಿ ಹುಡುಗ, 'ಸಾರ್, ಇದನ್ನ ಯಾವ ರೇಟಿಗೆ ಹಾಕ್ಲಿ?' ಅಂದ.

ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಮೊದಲ ಏಟು ಗಂಡಸರೇ ಹಾಕಬೇಕು ಅನ್ನೋದು ನಮ್ಮ ಕಡೆ ಪದ್ಧತಿ. ಮನೆಯ ಗಂಡಸಿಗೆ ಮನಸ್ಸೇ ಬರಲಿಲ್ಲ. ಕಾಯಿ ಹಜಾರದಲ್ಲಿ ಕೂತೇ ಇತ್ತು, ಬಂದವರೆಲ್ಲ ಅದರ ಪಕ್ಕ ಫೋಟೊ ತೆಗೆಸಿಕೊಂಡರು. ಕೊನೆಗೆ ಹಾಲಿನವನ ಕೈಯಲ್ಲಿ ಒಡೆಸಿ ಬೀದಿಗೆಲ್ಲ ಹಂಚಿದೆವು. ಈ ತಳಿ ತೂಕಕ್ಕೆ, ನೋಟಕ್ಕೆ, ರುಚಿಗಲ್ಲ. ಬರೀ ನೀರು, ನಾರು. ಬೆಲ್ಲ ಹಾಕಿ, ಖಾರ ಹಾಕಿ ಏನು ಮಾಡಿದರೂ ಪಲ್ಯ ಸಪ್ಪೆ. ಬೀದಿಯವರು ಮರ್ಯಾದೆಗೆ 'ಚೆನ್ನಾಗಿತ್ರೀ' ಅಂದರು. ಹಾಲಿನವನ ಎಮ್ಮೆಗೆ ಮಾತ್ರ ನಿಜವಾಗಿ ಇಷ್ಟವಾಯಿತು, ಅವನು ಇನ್ನೊಂದು ಹೋಳು ಕೇಳಿ ಒಯ್ದ.

ಸೈಟಿನ ಓನರ್ ಮೊನ್ನೆ ಬಂದು ಮನೆ ಕಟ್ಟಿಸುತ್ತೇನೆ ಅಂತ ಹೇಳಿ ಹೋಗಿದ್ದಾರೆ. ಸದ್ಯ, ಇಲ್ಲಿಗೆ ಮುಗಿಯಿತು ಅಂದುಕೊಂಡೆ. ನಿನ್ನೆ ಸಂಜೆ ನೋಡಿದರೆ ಇವರು ಹೊಸ ಸ್ಟೀಲ್ ಟೇಪು ಹಿಡಿದು ನಮ್ಮ ತಾರಸಿ ಅಳೆಯುತ್ತಿದ್ದರು. ಆರ್‌ಸಿಸಿ ಎಷ್ಟು ಭಾರ ತಡೆಯುತ್ತೆ ಅಂತ ಯಾವುದೋ ಹಳೇ ಶಿಷ್ಯ ಇಂಜಿನಿಯರಿಗೆ ಫೋನಿನಲ್ಲಿ ಕೇಳುತ್ತಿದ್ದರು.