ಟೈಮ್ಸ್ ಸ್ಕ್ವೇರು ಜಾತ್ರೆನಾ, ಸಂತೆನಾ?

ನ್ಯೂಯಾರ್ಕಲ್ಲಿ ಒಂದು ಕಾನೂನಿತ್ತು, ಪಿಸ್ತೂಲು ಸೊಂಟಕ್ಕೆ ಸಿಕ್ಕಿಸ್ಕೊಂಡು ಬೀದಿ ಸುತ್ತಬೇಕಾ, ಸುತ್ತಪ್ಪಾ, ಆದ್ರೆ ಯಾಕೆ ಬೇಕು ಅಂತ ಒಂದು ಗಟ್ಟಿ ಕಾರಣ ಹೇಳಿ ಲೈಸೆನ್ಸ್ ತಗೋ ಅಂತ. ನೂರು ವರ್ಷದ ಮೇಲೆ ನಡ್ಕೊಂಡು ಬಂದಿತ್ತು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6–3ರಲ್ಲಿ ಅದನ್ನ ಕಿತ್ತಾಕ್ತು. ಯಾಕೆ ಅಂದ್ರೆ ಅದು ದೇಶದ ಪರಂಪರೆ ಅಲ್ವಂತೆ!

ಇನ್ಮೇಲೆ ಯಾವ ಊರೇ ಬಂದೂಕಿಗೆ ಕಾನೂನು ಮಾಡ್ಲಿ, ಅದ್ರಿಂದ ಜನ ಉಳೀತಾರಾ ಸಾಯ್ತಾರಾ ಅನ್ನೋದು ಲೆಕ್ಕಕ್ಕಿಲ್ಲ, 1791ರಲ್ಲಿ ಬಂದೂಕಿನ ಹಕ್ಕು ಕೊಡೋ ಸಂವಿಧಾನದ ಎರಡನೇ ತಿದ್ದುಪಡಿ ಬಂದ ಕಾಲಕ್ಕೆ ಇಂಥದ್ದೊಂದು ಇತ್ತು ಅಂತ ತೋರಿಸ್ಬೇಕು. ಆ ಕಾಲದ ಬಂದೂಕು ಎಂಥದು, ಮದ್ದು ಸುರಿದು ಗುಂಡು ಜಡಿದು ನಿಮಿಷಕ್ಕೆ ಮೂರು ಸಲ ಹೊಡೆದ್ರೆ ಅವನೇ ಶೂರ. ಸರಿ ಅಂತ ನ್ಯೂಯಾರ್ಕ್ ವಕೀಲರು ಆಯುಧ ಹಿಡ್ಕೊಂಡು ಓಡಾಡೋದಕ್ಕೆ ಕಡಿವಾಣ ಹಾಕಿದ ಇಂಗ್ಲೆಂಡಿನ 1328ರ ಕಾಯ್ದೆ ಧೂಳು ಕೊಡವಿ ತಂದ್ರು. ಜಡ್ಜುಗಳು ತೀರಾ ಹಳೇದು ಅಂದ್ರು. 19ನೇ ಶತಮಾನದ ಕೊನೇದು ತಂದ್ರು, ತೀರಾ ಹೊಸದು ಅಂದ್ರು. ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋರನ್ನ ನೋಡಿದೀವಿ, ಇವರು ಯಾವ ಕೊಂಬೆ ಅಪ್ಪಂದು ಯಾವುದು ತಾತಂದು ಅಂತ ಟೇಪು ಹಿಡಿದು ಅಳೀತಾ ಕೂತಿದಾರೆ. (ಕೋರ್ಟಿನ ಬಾಗಿಲಲ್ಲೇ ಒಂದು ಮೆಟಲ್ ಡಿಟೆಕ್ಟರ್ ಇದೆ, ಅದು 1791ರದ್ದೇ ಇರ್ಬೇಕು ಬಿಡಿ.)

ಕೆಳಗಿನ ಕೋರ್ಟುಗಳ ಪಾಡು ಕೇಳ್ಬೇಡಿ. ಮಿಸಿಸಿಪ್ಪಿಯ ಒಬ್ಬ ಫೆಡರಲ್ ಜಡ್ಜು, ನಾವೇನು ಇತಿಹಾಸದ ಮೇಷ್ಟ್ರಲ್ಲ, ಇತಿಹಾಸಕಾರರೊಬ್ಬರನ್ನ ನೇಮಿಸ್ಲಾ ಅಂತ ವಕೀಲರನ್ನೇ ಕೇಳಿಬಿಟ್ರು.

ಟೆಕ್ಸಾಸಲ್ಲಿ ಒಬ್ಬ ಭೂಪ ಇದ್ದ. ಜೊತೇಲಿದ್ದ ಹುಡುಗೀನ ಹೊಡೆದು ಬೆದರಿಸಿದಾನೆ, ಇವನ ಕೈಗೆ ಬಂದೂಕು ಕೂಡದು ಅಂತ ಕೋರ್ಟು ಆರ್ಡರ್ ಆಗಿದೆ, ಆಮೇಲೂ ಬರ್ಗರ್ ಅಂಗಡೀಲಿ ಸ್ನೇಹಿತನ ಕ್ರೆಡಿಟ್ ಕಾರ್ಡ್ ನಡೀಲಿಲ್ಲ ಅಂತ ಗಾಳೀಲಿ ಗುಂಡು ಹಾರ್ಸಿದಾನೆ. ಇಂಥೋನ ಹತ್ರ ಬಂದೂಕು ಇರಬಾರದು ಅನ್ನೋ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ 2023ರಲ್ಲಿ ಮೇಲ್ಮನವಿ ಕೋರ್ಟು ಹೇಳ್ತು, ಆ ಕಾಲದಲ್ಲಿ ಅಂಥ ಕಾನೂನು ಇರ್ಲಿಲ್ವಂತೆ. ಎಲ್ಲಿಂದ ಇರುತ್ತೆ ಸ್ವಾಮಿ, ಆ ಕಾಲದಲ್ಲಿ ಹೆಂಡ್ತೀನ ಹೊಡೆಯೋದನ್ನ ಮನೆ ವಿಷಯ ಅಂತ ಬಿಡ್ತಿದ್ರು, ವೋಟೂ ಇಲ್ಲದ ಹೆಂಗಸರಿಗೋಸ್ಕರ ಯಾರು ಕಾನೂನು ಬರೀತಿದ್ರು? 2024ರಲ್ಲಿ ಸುಪ್ರೀಂ ಕೋರ್ಟು 8–1ರಲ್ಲಿ ಅದನ್ನ ತಿರುಗಿಸಿ, ಹಳೇ ಕಾನೂನು ಅವಳಿ-ಜವಳಿ ಥರ ಇರ್ಬೇಕಿಲ್ಲ, ನೆಂಟಸ್ತಿಕೆ ಇದ್ರೆ ಸಾಕು ಅಂತು. ಒಪ್ಪದ ಆ ಒಬ್ಬರು ಯಾರು ಅಂದ್ರೆ 2022ರ ತೀರ್ಪು ಬರೆದ ಜಸ್ಟಿಸ್ ಕ್ಲಾರೆನ್ಸ್ ಥಾಮಸ್ಸೇ.

ಇತ್ಲಾಗೆ ನ್ಯೂಯಾರ್ಕು, ಕಾರಣ ಕೇಳಂಗಿಲ್ವಾ, ಜಾಗ ಆದ್ರೂ ಹೇಳ್ತೀವಿ ಅಂತ ಟೈಮ್ಸ್ ಸ್ಕ್ವೇರಲ್ಲಿ ಬಂದೂಕು ತರಬೇಡಿ ಅನ್ನೋ ಬೋರ್ಡು ನೇತಾಕ್ತು. ಅದರ ಮೇಲೂ ಕೇಸು. 1791ರಲ್ಲಿ ಅಲ್ಲಿದ್ದಿದ್ದು ಹೊಲ. ಆಮೇಲೆ ನೋಡಿದ್ರೆ ಆ 1328ರ ಕಾಯ್ದೇನೇ ಮತ್ತೆ ಕೈಗೆ ಬಂತು, ಅದ್ರಲ್ಲಿ ಜಾತ್ರೆ-ಸಂತೆಗೆ ಆಯುಧ ಹಿಡ್ಕೊಂಡು ಬರಬಾರದು ಅಂತ ಇದೆಯಂತೆ. ಈಗ ಟೈಮ್ಸ್ ಸ್ಕ್ವೇರು ಜಾತ್ರೆಗೆ ನೆಂಟಾನಾ ಸಂತೆಗಾ ಅಂತ ಕೋಟು ಹಾಕ್ಕೊಂಡೋರು ವಾದ ಮಾಡ್ಬೇಕು. ನಮ್ಮೂರೋರನ್ನ ಸಾಕ್ಷಿಗೆ ಕರೆದ್ರೆ ಒಂದೇ ನಿಮಿಷಕ್ಕೆ ಹೇಳ್ತಾರೆ, ಜನ ಇದಾರೆ, ಲೈಟಿದೆ, ಗೊಂಬೆ ವೇಷ ಹಾಕ್ಕೊಂಡು ಕಾಸು ಕೇಳೋರಿದಾರೆ, ತೇರೊಂದಿಲ್ಲ ಅಷ್ಟೇ.