ತೂತು ಎಲ್ಲಿಂದ ಅಳೀಬೇಕು?

ಅಡುಗೆಮನೆ ಕಪಾಟಿನ ಬಾಗಿಲು ತೆರೆದರೆ ಒಳಮೈಯಲ್ಲಿ ಗುಂಡನೆಯ ಸ್ಟೀಲ್ ಬಟ್ಟಲು ಕಾಣುತ್ತದೆ, ನೋಡಿರುತ್ತೀರಿ. ಬಾಗಿಲು ತಿರುಗಿಸುವ ಕೀಲಿನ ಬಟ್ಟಲು ಅದು; ಆ ಕೀಲಿಗೆ ನಮ್ಮ ಕಡೆ ಮೇಸ್ತ್ರಿಗಳು ಆಟೋ ಹಿಂಜ್ ಅಂತಾರೆ. ಆ ಬಟ್ಟಲಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ಅಗಲದ ತೂತು ಬೇಕು. ಬಾಗಿಲಿನ ಅಂಚಿನಿಂದ 5 ಮಿ.ಮೀ. ಬಿಟ್ಟು ಕೊರೆದರೆ ತೂತಿನ ನಡುಬಿಂದು 22.5ಕ್ಕೆ ಬರುತ್ತದೆ. ಚಿತ್ರದುರ್ಗದ ಯಾವ ಒಳ್ಳೆ ಮೇಸ್ತ್ರಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಾರೆ. ಕಂಪ್ಯೂಟರಿಗೂ ಗೊತ್ತು. ಇಬ್ಬರಿಗೂ ಗೊತ್ತಿದ್ದ ಮೇಲೆ ಜಗಳ ಯಾಕೆ ಬರಬೇಕು?

ಬಂತು. ಹೆಂಡತಿಯ ತಮ್ಮ ಇಂಜಿನಿಯರಿಂಗ್ ಓದಿದವನು, ಲ್ಯಾಪ್‌ಟಾಪಿನಲ್ಲಿ ಕಪಾಟು ಡಿಸೈನ್ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು ಬಂದ. "ಭಾವ, ಈಗ ಯಾರೂ ಪೆನ್ಸಿಲಲ್ಲಿ ಗೀಚಲ್ಲ. ಇಲ್ಲಿಂದ ಫೈಲ್ ಕಳಿಸಿದ್ರೆ ದಾವಣಗೆರೆಯಲ್ಲಿ ಮಿಷಿನ್ನೇ ಹಲಗೆ ಕತ್ತರಿಸಿ, ತೂತೂ ಹೊಡೆದು ಕೊಡುತ್ತೆ. ನಾವು ಸ್ಕ್ರೂ ತಿರುಗಿಸಿದ್ರೆ ಆಯ್ತು" ಅಂದ. ಮೇಸ್ತ್ರಿ ಕಿವಿ ಮೇಲಿದ್ದ ಪೆನ್ಸಿಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಏನೂ ಹೇಳಲಿಲ್ಲ.

ಪರದೆ ಮೇಲೆ ಮಾತ್ರ ಅದ್ಭುತ. ಮೌಸ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಒತ್ತಿದರೆ ಮುಚ್ಚುತ್ತದೆ. ಹಿಂಜ್ ಇರಲಿ ಬಿಡಲಿ ಪರದೆಯ ಬಾಗಿಲು ತಿರುಗಿಯೇ ತಿರುಗುತ್ತದೆ ಅನ್ನೋದು ಆಮೇಲೆ ತಿಳಿಯಿತು.

ಹಲಗೆಗಳು ಬಂದವು. ಕೆಳಗಿನ ಕಪಾಟಿನ ಪಕ್ಕದ ಹಲಗೆ 720 ಎತ್ತರ. ಬಾಗಿಲು 690 ಮಾತ್ರ, ಯಾಕೆಂದರೆ ಹಿಡಿಕೆ ಬೇಡ, ಮೇಲೆ ಬೆರಳು ತೂರಿಸುವ ಅಲ್ಯೂಮಿನಿಯಂ ಪಟ್ಟಿಯೇ ಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಹುಡುಗ ಸಾಫ್ಟ್‌ವೇರಿನಲ್ಲಿ 'ಮೇಲಿನಿಂದ 100' ಅಂತ ಕೊಟ್ಟಿದ್ದ. ಅದು ಬಾಗಿಲಿನ ತೂತನ್ನು ಬಾಗಿಲಿನ ನೆತ್ತಿಯಿಂದ ಅಳೆಯಿತು, ಹಿಂಜಿನ ಇನ್ನೊಂದು ತುದಿಯನ್ನು ಪಕ್ಕದ ಹಲಗೆಗೆ ಹಿಡಿಸುವ ಪ್ಲೇಟಿನ ತೂತನ್ನು ಹಲಗೆಯ ನೆತ್ತಿಯಿಂದ ಅಳೆಯಿತು. ಎರಡೂ ಕರೆಕ್ಟಾಗಿ 100. ಎರಡರ ನಡುವೆ ಮಾತ್ರ 30 ಮಿ.ಮೀ. ವ್ಯತ್ಯಾಸ! ಪ್ಲೇಟಿನ ಸ್ಕ್ರೂ ಸಡಿಲ ಮಾಡಿ ಹಿಂಜನ್ನು ಮೇಲೆ ಕೆಳಗೆ ಸರಿಸಬಹುದು ನಿಜ, ಆದರೆ ಅದು ಒಂದೆರಡು ಮಿಲಿಮೀಟರಿನ ಮಾತು.

ಮೇಲಿನ ಕಪಾಟಿನದು ಇನ್ನೊಂದು ಕತೆ. ಚಿತ್ರದಲ್ಲಿ ಬಾಗಿಲನ್ನು ಮುಂದಿನಿಂದ ತೋರಿಸಿದೆ, ತೂತು ಇರುವುದು ಹಿಂದೆ. ಫೈಲು ತಿರುವುಮುರುವಾಗಿ ಎಡಕ್ಕೆ ಬರಬೇಕಾದ ಹಿಂಜ್ ಬಲಕ್ಕೆ ಬಂದಿತ್ತು. ಹುಡುಗ ಹೆದರಲಿಲ್ಲ. "ಮೇಲಿನಿಂದ, ಕೆಳಗಿನಿಂದ ಒಂದೇ ಅಳತೆ ಅಲ್ವಾ, ಬಾಗಿಲನ್ನ ತಲೆಕೆಳಗು ಮಾಡಿದ್ರೆ ಆಯ್ತು" ಅಂದ. ಮಾಡಿದೆವು. ಹಿಂಜ್ ಗಟ್ಟಿಯಾಗಿ ಕೂತಿತು, ಬಾಗಿಲು ಸದ್ದಿಲ್ಲದೆ ಮುಚ್ಚಿತು. ಆದರೆ ಬಾಗಿಲಿಗೆ ಅಂಟಿಸಿದ್ದ ಲ್ಯಾಮಿನೇಟಿನಲ್ಲಿ ಬಳ್ಳಿಯ ಮೇಲೆ ಕೂತ ಗಿಣಿಗಳಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ತುಂಬಾ ಹೊತ್ತು ನೋಡಿ, "ಬಾವಲಿ ಚಿತ್ರ ಯಾಕೆ ಹಾಕಿಸಿದ್ರಿ?" ಅಂತ ಕೇಳಿದರು.

ಉದ್ದನೆ ಕಪಾಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮೀಟರ್ ದಾಟಿದ ಬಾಗಿಲಿಗೆ ಐದು ಹಿಂಜ್ ಬೇಕು, ಸಾಫ್ಟ್‌ವೇರ್ ಸಮನಾಗಿ ಹಂಚಿತು, ಒಂದು ಹೋಗಿ ಶೆಲ್ಫಿಗೇ ಬಡಿಯಿತು. ಮೇಸ್ತ್ರಿ ಶೆಲ್ಫಿನ ಮೂಲೆ ಕಚ್ಚು ಹಾಕಿದರು. ಮುಗೀತು.

ನಿಜವಾದ ರಾದ್ಧಾಂತ ಆದದ್ದು ಸಿಲಿಂಡರ್ ಇಡುವ ಗೂಡಿನ ಬಾಗಿಲಲ್ಲಿ. ಅದಕ್ಕೆ ಉಳಿಕೆ ಪ್ಲೈವುಡ್ ಸಾಕು ಅಂತ 12 ಮಿ.ಮೀ. ದಪ್ಪದ್ದು ಕೊಟ್ಟಿದ್ದೆವು. ಹಿಂಜಿನ ಬಟ್ಟಲಿಗೇ ಸುಮಾರು 12 ಆಳ ಬೇಕು, ಫೈಲಿನಲ್ಲಿ 13 ಅಂತ ಇತ್ತು. 'ಹಲಗೆ ಎಷ್ಟು ದಪ್ಪ ಸ್ವಾಮಿ?' ಅಂತ ಸಾಫ್ಟ್‌ವೇರ್ ಕೇಳಲಿಲ್ಲ. ಮಿಷಿನ್ನೂ ಕೇಳಲಿಲ್ಲ. ಆಚೆಯಿಂದ ಈಚೆಗೆ ಬೆಳಕು ಬರುವ ಹಾಗೆ ಎರಡು ಗುಂಡು ತೂತು! ಮಾವ ಅದರಲ್ಲಿ ಇಣುಕಿ, "ಓಬವ್ವನ ಕಿಂಡಿ ನೋಡೋಕೆ ಇನ್ನು ಕೋಟೆ ಹತ್ತೋದು ಬೇಡ" ಅಂದರು. ಅಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ ಕತೆ ಊರಿಗೆಲ್ಲ ಗೊತ್ತು. ನಮ್ಮಲ್ಲಿ ಜಿರಳೆ. ಹೆಂಡತಿ ಪೊರಕೆ ಹಿಡಿದು ಪಕ್ಕದಲ್ಲಿ ನಿಂತಿದ್ದೂ ಹೌದು, ಆದರೆ ಆಕೆ ಜಿರಳೆ ಕಡೆ ನೋಡುತ್ತಿರಲಿಲ್ಲ, ತಮ್ಮನ ಕಡೆ ನೋಡುತ್ತಿದ್ದಳು.

ಅಷ್ಟಾದ ಮೇಲೆ ಮೇಸ್ತ್ರಿ ಬಾಯಿ ಬಿಟ್ಟರು. "ಹಳೇ ಕಾಲದ ಹೆಬ್ಬಾಗಿಲಿಗೆ ಮೇಲೊಂದು ಕೆಳಗೊಂದು ಗೂಟ ಬಿಟ್ಟು ಕಲ್ಲಿನ ಕುಳಿಯಲ್ಲಿ ಕೂರಿಸ್ತಿದ್ರು ಸಾರ್. ಮೇಲಿನ ಕುಳಿಯಿಂದ ತೂಗುಗುಂಡು ಬಿಟ್ರೆ ಕೆಳಗಿನ ಕುಳಿಗೆ ಬೀಳಬೇಕು, ಅಷ್ಟೇ ಲೆಕ್ಕ." ಹೀಗಂದು ಒಂದು ರೀಪರ್ ತುಂಡು, ಅಂದರೆ ಮರದ ಪಟ್ಟಿಯ ಚೂರು, ತೆಗೆದುಕೊಂಡು, ಕಪಾಟಿನಲ್ಲಿ ಬಾಗಿಲಿನ ಬುಡ ಎಲ್ಲಿಗೆ ಬರುತ್ತದೋ ಅಲ್ಲಿಗೆ ಅದರ ತುದಿ ಇಟ್ಟು, ಎರಡು ಗೆರೆ ಎಳೆದರು. ಅದೇ ತುಂಡನ್ನು ಬಾಗಿಲಿನ ಬುಡಕ್ಕೆ ಇಟ್ಟು ಅದೇ ಗೆರೆ ಬಾಗಿಲಿಗೂ ಇಳಿಸಿದರು. ಟೇಪು ಮುಟ್ಟಲಿಲ್ಲ. ನನಗೆ ಸಾಫ್ಟ್‌ವೇರಿನ ಮೇಲೆ ದ್ವೇಷವಿಲ್ಲ, 100 ಅಂದರೆ ಅದು 100 ಕೊಟ್ಟಿದೆ, ಆದರೆ ಎಲ್ಲಿಂದ 100 ಅನ್ನೋದನ್ನು ಆ ರೀಪರ್ ತುಂಡಿನಷ್ಟು ಸ್ಪಷ್ಟವಾಗಿ ಅದು ಯಾವತ್ತೂ ಹೇಳಲಿಲ್ಲ. ಹುಡುಗ ಮರ್ಯಾದೆಯಿಂದ ಆ ತುಂಡನ್ನೇ ಅಳೆದು ಫೈಲು ತಿದ್ದಿದ. ಆಮೇಲೆ ಬಂದ ಬಾಗಿಲುಗಳು ಸರಿಯಾಗಿ ಕೂತವು, ಗಿಣಿಗಳೂ ಎದ್ದು ಕೂತವು.

ಕೊನೆಗೆ ಬಿಲ್ ಬಂತು. ತೂತಿಗೆ ಇಷ್ಟು ಅಂತ ಲೆಕ್ಕ ಹಾಕಿದ್ದಾರೆ. ಸೇರದ ತೂತು, ತಿರುವುಮುರುವು ತೂತು, ಕಿಂಡಿ, ಎಲ್ಲಕ್ಕೂ ಒಂದೇ ರೇಟು. ಹುಡುಗ ಫೋನಿನಲ್ಲಿ ಚೌಕಾಸಿ ಮಾಡಿದ. "ಫೈಲಲ್ಲಿ ಇದ್ದಿದ್ದನ್ನ ಹೊಡೆದಿದ್ದೀವಿ" ಅಂತ ಉತ್ತರ ಬಂತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಮೇಸ್ತ್ರಿ ಎಲ್ಲಾ ಕೇಳಿಸಿಕೊಂಡು ಲೋಟ ಕೆಳಗಿಟ್ಟರು.

"ಸಾರ್, ತೂತು ಮುಚ್ಚಿದ್ದಕ್ಕೆ ರೇಟು ಎಷ್ಟು ಹಾಕಲಿ?"