ಉಪ್ಪಿಟ್ಟು ಬೇಕಾ, ಉಪವಾಸ ಇರ್ತೀರಾ?

ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಬೇಕಾದಷ್ಟು ಆಯ್ಕೆ ಇದೆ. ಉಪ್ಪಿಟ್ಟು, ಶಾವಿಗೆ ಉಪ್ಪಿಟ್ಟು, ಅಕ್ಕಿತರಿ ಉಪ್ಪಿಟ್ಟು, ತರಕಾರಿ ಹಾಕಿದ ಉಪ್ಪಿಟ್ಟು, ತರಕಾರಿ ಹಾಕಲು ಮರೆತ ಉಪ್ಪಿಟ್ಟು. ಯಾವುದೂ ಬೇಡ ಅಂದರೆ ಆರನೆಯದೂ ಒಂದಿದೆ: ಉಪವಾಸ. ಇದು ನಮ್ಮ ಮನೆಯದೇ ವಿದ್ಯೆ ಅಂದುಕೊಂಡಿದ್ದೆ. ಅಮೆರಿಕದ ಸರ್ಕಾರ ಇದಕ್ಕೆ ಪರಿಸರ ಪರಿಣಾಮ ವರದಿ ಅಂತ ಹೆಸರಿಟ್ಟಿದೆ ಅಂತ ಆಮೇಲೆ ತಿಳಿಯಿತು. ಒಂದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ, ಅದರ ಬದಲಿಗೆ ಬೇರೆ ದಾರಿ ಏನಿದೆ ಅಂತ ಮೊದಲೇ ಬರೆದಿಡುವ ವರದಿ ಅದು.

ಜಾಗ ಕ್ಯಾಲಿಫೋರ್ನಿಯಾದ ಮರುಭೂಮಿಯ ಈಗಲ್ ಮೌಂಟನ್. ಮೂರು ಕಡೆ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ. ಮಧ್ಯೆ ಕೈಸರ್ ಕಂಪನಿ 1983ರ ತನಕ ಕಬ್ಬಿಣದ ಅದಿರು ತೋಡಿ ಬಿಟ್ಟುಹೋದ ಗುಂಡಿಗಳು. ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿ ಕಂಡಾಗ ಬೆಂಗಳೂರಿಗೆ ಏನು ಹೊಳೆಯಿತೋ, ಆ ಗುಂಡಿ ಕಂಡಾಗ ಕೈಸರ್‌ನವರಿಗೂ ಅದೇ ಹೊಳೆಯಿತು: ಕಸ ತುಂಬೋಣ. ಸುಮಾರು 300 ಕಿ.ಮೀ. ದೂರದ ಲಾಸ್ ಏಂಜಲೀಸ್ ಕಡೆಯಿಂದ ರೈಲಿನಲ್ಲಿ ಕಸ ತರುವುದು. ದಿನಕ್ಕೆ 20,000 ಟನ್, 117 ವರ್ಷ. ಇನ್ನೂ ಹುಟ್ಟದ ಮರಿಮಗ ತಿಂದು ಎಸೆಯುವ ಬಾಳೆಹಣ್ಣಿನ ಸಿಪ್ಪೆಗೂ ಆಗಲೇ ಸೀಟು ರಿಸರ್ವ್!

ಒಂದೇ ತೊಡಕು. ಗುಂಡಿಯ ಸುತ್ತಮುತ್ತಲಿನದು ಸರ್ಕಾರಿ ಜಮೀನು, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಸುಪರ್ದಿಯಲ್ಲಿತ್ತು. ಸರಿ, ಅದಲು ಬದಲು ಮಾಡಿಕೊಳ್ಳೋಣ ಅಂತ ಮಾತಾಯಿತು. ಕೈಸರ್ 2,846 ಎಕರೆ ಕೊಟ್ಟು 3,481 ಎಕರೆ ತೆಗೆದುಕೊಳ್ಳಬೇಕು. ವ್ಯತ್ಯಾಸಕ್ಕೆ ಕೈಗೆ ಎಷ್ಟು? 20,100 ಡಾಲರ್.

ಇಷ್ಟು ಅಗ್ಗ ಹೇಗೆ ಅಂತೀರಾ? ಬೆಲೆ ಕಟ್ಟುವಾಗ ಆ ಜಮೀನಿನಲ್ಲಿ ಕಸ ತುಂಬಬಹುದು ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವಿನಿಮಯ ನಡೆಯುತ್ತಿರುವುದೇ ಕಸಕ್ಕೆ. ವರದಿ ಬರೆಯುತ್ತಿರುವುದೇ ಕಸಕ್ಕೆ. ರೇಟು ಹಾಕುವವರಿಗೆ ಮಾತ್ರ ಆ ಸುದ್ದಿ ಇಲ್ಲ. ಮದುವೆ ಛತ್ರದ ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವನು, ‘ಸುಮ್ನೆ ನಾಲ್ಕು ದನ ಮೇಯಿಸೋಣ ಅಂತ ಸಾರ್’ ಅಂದ ಹಾಗೆ. ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕೂರುವ ಪತ್ರ ಬರಹಗಾರ ಕೂಡ ಇದಕ್ಕೆ ಒಂದು ಸಲ ಕೆಮ್ಮುತ್ತಿದ್ದ.

ಇನ್ನು ವರದಿ. ಯೋಜನೆಯ ಉದ್ದೇಶ ಏನು ಅಂತ ಮೊದಲೇ ಬರೆಯಬೇಕಲ್ಲ, ಬ್ಯೂರೋದವರು ಬರೆದರು. ಕಸಕ್ಕೊಂದು ಜಾಗ ಆಗಬೇಕು, ಆ ಕಸದಿಂದ ದೀರ್ಘಕಾಲದ ಆದಾಯ ಬರಬೇಕು, ಕೈಸರ್ ಗಣಿಯಲ್ಲಿ ಬಿದ್ದಿರುವ ಕಲ್ಲುಮಣ್ಣು ಉಪಯೋಗಕ್ಕೆ ಬರಬೇಕು. ಹುಡುಗ ಗೊತ್ತಾದ ಮೇಲೆ ಅವನ ಅಳತೆಗೆ ಜಾತಕ ಬರೆಸಿದ್ದು ಇದು. ಆಮೇಲೆ ಪರ್ಯಾಯಗಳು: ಸ್ವಲ್ಪ ಕಡಿಮೆ ಕಸ, ಬೇರೆ ರಸ್ತೆಯಲ್ಲಿ ಬರುವ ಕಸ, ಬರೀ ರೈಲಿನಲ್ಲಿ ಬರುವ ಕಸ, ಬರೀ ಕೈಸರ್ ಜಾಗದಲ್ಲಿ ಕಸ. ಕೊನೆಗೆ, ನಿಯಮಕ್ಕೆ ಬೇಕು ಅಂತ, ‘ಏನೂ ಮಾಡದಿರುವುದು’. ನಮ್ಮ ಉಪ್ಪಿಟ್ಟು ಅಲ್ವಾ?

ಮರುಭೂಮಿ ಅಂದರೆ ಖಾಲಿ ಜಾಗ ಅನ್ನುವವರು ಅಲ್ಲಿಯ ಆಮೆಯನ್ನು ಕೇಳಬೇಕು. ಮರುಭೂಮಿ ಆಮೆಯ ಮರಿಗೆ ಮೊದಲ ಕೆಲವು ವರ್ಷ ಚಿಪ್ಪು ಮೆತ್ತಗೇ ಇರುತ್ತದೆ. ರೇವನ್ ಅನ್ನುವ ದೊಡ್ಡ ಕಾಗೆ ಕುಕ್ಕಿದರೆ ಮುಗಿಯಿತು. ಬಡ ಮರುಭೂಮಿಯಲ್ಲಿ ಕಾಗೆಗೂ ಬಡತನವೇ. ಆದರೆ ಅಲ್ಲಿಗೆ ಒಂದು ಊರಿನ ಎಂಜಲು ತಂದು ಸುರಿದರೆ? 117 ವರ್ಷ ದಿನಾ ಪಿತೃಪಕ್ಷ. ಊಟಕ್ಕೆ ಬಂದ ಬಳಗ ಊಟ ಮುಗಿಸಿ ಆಮೆಯ ಮನೆ ಕಡೆಗೂ ಹೋಗುತ್ತದೆ. ಹೀಗೆ ಬರಡು ನೆಲಕ್ಕೆ ಹೊರಗಿನ ಪೋಷಕಾಂಶ ಸೇರಿದರೆ ಏನಾಗುತ್ತದೆ ಅಂತ ವರದಿ ನೆಟ್ಟಗೆ ಒಂದು ಕಡೆ ಹೇಳಲಿಲ್ಲ. ಇಲ್ಲೊಂದು ಸಾಲು, ಅಲ್ಲೊಂದು ಸಾಲು. ವಿಷಯ ಕೋರ್ಟಿಗೆ ಹೋಯಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಬ್ಯೂರೋಗೆ, ಈ ತೇಪೆ ಕೆಲಸ ಸಾಲದು ಅಂದಿತು. ಉದ್ದೇಶವನ್ನು ಕಂಪನಿಯ ಅಳತೆಗೆ ಹೊಲಿದಿದ್ದೀರಿ, ಬೆಲೆಯೂ ಸರಿಯಿಲ್ಲ ಅಂತಲೂ ಹೇಳಿತು.

2013ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಕಸದ ಸಂಸ್ಥೆ ಈಗಲ್ ಮೌಂಟನ್ ಯೋಜನೆಯನ್ನು ಕೈ ಬಿಟ್ಟಿತು. ಇಲ್ಲೊಂದು ಸೊಗಸು ಇದೆ. ಆ ಹೊತ್ತಿಗೆ ಅದೇ ಸಂಸ್ಥೆ ಇಂಪೀರಿಯಲ್ ಕೌಂಟಿಯ ಮರುಭೂಮಿಯಲ್ಲಿ, ಚಿನ್ನದ ಗಣಿಯ ಪಕ್ಕ, ಮೆಸ್ಕೀಟ್ ಅನ್ನುವ, ಕಸ ತುಂಬುವ ಇನ್ನೊಂದು ಜಾಗ ಕಟ್ಟಿ ಮುಗಿಸಿತ್ತು. ಅದಕ್ಕೂ ದಿನಕ್ಕೆ 20,000 ಟನ್ ಅನುಮತಿ. ಅಲ್ಲಿ ಎಲ್ಲವೂ ಇತ್ತು, ಕಸ ಒಂದು ಬಿಟ್ಟು. ಅಷ್ಟರಲ್ಲಿ ಜನ ಎಸೆಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು.

ಈಗಲ್ ಮೌಂಟನ್ ಗುಂಡಿಗಳಿಗೆ ಸುಮ್ಮನೆ ಮಲಗುವ ಯೋಗ ಇಲ್ಲ. 2014ರಲ್ಲಿ ಇನ್ನೊಂದು ಯೋಜನೆಗೆ ಲೈಸೆನ್ಸ್ ಸಿಕ್ಕಿತು, 1,300 ಮೆಗಾವಾಟ್ ವಿದ್ಯುತ್ತಿಗೆ. ಈ ಸಲ ಗುಂಡಿಗೆ ಕಸ ಅಲ್ಲ, ನೀರು. ಮೇಲಿನ ಗುಂಡಿಯಿಂದ ಕೆಳಗಿನ ಗುಂಡಿಗೆ ನೀರು ಬಿಟ್ಟು ವಿದ್ಯುತ್ ತೆಗೆಯುವುದು, ಮತ್ತೆ ಮೇಲಕ್ಕೆ ಪಂಪ್ ಮಾಡುವುದು. ಮರುಭೂಮಿಯಲ್ಲಿ ನೀರು ಎಲ್ಲಿಂದ ಅಂದರೆ, ಅದೇ ಮರುಭೂಮಿಯ ಬೋರ್‌ವೆಲ್‌ನಿಂದ. ಕಾಗೆಗಂತೂ ಹೂಜಿಗೆ ಕಲ್ಲು ಹಾಕುವ ಕಷ್ಟವೂ ಇಲ್ಲ.